ಗಜನಿಯ ಬಾಗಿಲು ಮತ್ತು ಫಿಟ್ಸ್ ಮಾತ್ರೆ: ಫಾರ್ಮಕಾಲಜಿ ಟಿಪ್ಪಣಿ

ಅಪಸ್ಮಾರದ ಔಷಧಿಗಳ ಪಟ್ಟಿಯನ್ನು ಎರಡು ಸಲ ಬಾಯಿಪಾಠ ಮಾಡಿ ಎರಡೂ ಸಲ ಮರೆತೆ. ಕುಮಟೆ ಕಡೆಯ ನಮ್ಮೂರಿನ ಗಜನಿ ಗದ್ದೆ (ಹೊಳೆಯಂಚಿನ ಉಪ್ಪುನೀರಿನ ಗದ್ದೆ) ನೆನಪಾದ ಮೇಲೇ ಅದು ತಲೆಗೆ ಹತ್ತಿದ್ದು.

ಗಜನಿ ಕಟ್ಟೆಗೆ ಮರದ ಬಾಗಿಲು ಇರುತ್ತದಲ್ಲ, ಭರತ (ಸಮುದ್ರದ ಉಬ್ಬರ) ಬಂದಾಗ ಹೊಳೆಯ ಉಪ್ಪುನೀರು ಒಳನುಗ್ಗದಂತೆ ತಡೆಯಲು? ನರಕೋಶದ ಪೊರೆಯಲ್ಲಿ ಸೋಡಿಯಂಗೂ ಅಂಥದ್ದೇ ಬಾಗಿಲು. ತೆರೆದರೆ ಸೋಡಿಯಂ ನುಗ್ಗಿ ಕೋಶದಲ್ಲಿ ಸಂದೇಶ ಹುಟ್ಟುತ್ತದೆ. ಕ್ಷಣದಲ್ಲೇ ಬಾಗಿಲು ತಾನಾಗಿ ಮುಚ್ಚಿ, ಸ್ವಲ್ಪ ಹೊತ್ತು ಎಷ್ಟು ತಳ್ಳಿದರೂ ತೆರೆಯುವುದಿಲ್ಲ. ಇದೇ ಇನಾಕ್ಟಿವೇಟೆಡ್ ಸ್ಥಿತಿ. ಫಿನೈಟಾಯಿನ್, ಕಾರ್ಬಮಜೆಪಿನ್, ಲಾಮೊಟ್ರಿಜಿನ್ ಕೂರುವುದು ಇಲ್ಲಿಯೇ. ಅವು ಬಾಗಿಲಿಗೆ ಬೀಗ ಹಾಕುವುದಿಲ್ಲ, ಮುಚ್ಚಿದ್ದನ್ನು ಇನ್ನಷ್ಟು ಹೊತ್ತು ಒತ್ತಿ ಹಿಡಿಯುತ್ತವೆ. ಹಾಗಾಗಿ ನಿಧಾನಕ್ಕೆ ಹೋಗಿಬರುವ ಸಂದೇಶಗಳಿಗೆ ಹೆಚ್ಚು ಅಡ್ಡಿಯಿಲ್ಲ. ಫಿಟ್ಸ್‌ನಲ್ಲಿ ಒಂದರ ಬೆನ್ನಿಗೊಂದು ಬಡಿಯುವ ಸಂದೇಶಗಳಿಗೆ ಮಾತ್ರ ತಡೆ. ಪರೀಕ್ಷೆಯಲ್ಲಿ 'ಯೂಸ್-ಡಿಪೆಂಡೆಂಟ್ ಬ್ಲಾಕ್' ಎಂದು ಬರೆಯಬೇಕಾದದ್ದು ಇದನ್ನೇ.

ಅದೇ ಬಾಗಿಲು ಕಿರುಮೆದುಳಿನಲ್ಲೂ ಇದೆ. ಮದ್ದು ಹೆಚ್ಚಾದರೆ ಕಣ್ಣುಗುಡ್ಡೆ ಅದುರುವುದು, ಎರಡೆರಡು ಕಾಣುವುದು, ನಡಿಗೆ ತೂರಾಡುವುದು ಅದರಿಂದಲೇ.

ಇದನ್ನು ನಾನು ಪುಸ್ತಕಕ್ಕಿಂತ ಮೊದಲು ಶಿರಸಿಯ ಅತ್ತೆಮನೆ ತೋಟದಲ್ಲಿ ನೋಡಿದ್ದೆ. ಅಡಿಕೆ ಕೊನೆಕೊಯ್ಲಿಗೆ ಬಂದವರೊಬ್ಬರು ಮೊದಲ ಮರದ ಬುಡದಲ್ಲೇ ನಿಂತು, "ಅಮ್ಮಾ, ಮರ ಎರಡೆರಡು ಕಾಣ್ತದೆ" ಅಂದರು. ದಿನಕ್ಕೆ 100 ಮಿ.ಗ್ರಾಂ.ನ ಮೂರು ಫಿನೈಟಾಯಿನ್ ಮಾತ್ರೆ ಬರೆದುಕೊಟ್ಟಿದ್ದರಂತೆ. ಸುಗ್ಗಿಯಲ್ಲಿ ತೊಂದರೆ ಬೇಡವೆಂದು ಇವರೇ ನಾಲ್ಕು ನುಂಗುತ್ತಿದ್ದರು. (ಫಿಟ್ಸ್ ಇದ್ದವರು ಮರ ಹತ್ತಲೇಬಾರದು. ಕೂಲಿ ತಪ್ಪುತ್ತದೆಂದು ಅವರು ಕಾಯಿಲೆಯನ್ನೇ ಬಚ್ಚಿಟ್ಟಿದ್ದರು.)

ಒಂದೇ ಮಾತ್ರೆಗೆ ಇಷ್ಟೊಂದಾ? ತದಡಿಯಿಂದ ಹೊಳೆಯಾಚೆಯ ಅಘನಾಶಿನಿ ಊರಿಗೆ ದಾಟಿಸುವ ದೋಣಿ ನೆನೆಸಿಕೊಳ್ಳಿ. ಒಂದು ಸಲಕ್ಕೆ ಇಷ್ಟೇ ಜನ. ಅದಕ್ಕಿಂತ ಹೆಚ್ಚು ಬಂದವರು ದಕ್ಕೆಯಲ್ಲೇ ಉಳಿದು ಗುಂಪು ಬೆಳೆಯುತ್ತಲೇ ಹೋಗುತ್ತದೆ. ಯಕೃತ್ತಿನಲ್ಲಿ ಫಿನೈಟಾಯಿನ್ ಕರಗಿಸುವ ಕಿಣ್ವವೂ ಹೀಗೆ ಭರ್ತಿಯಾಗುತ್ತದೆ. 300ರಿಂದ 400ಕ್ಕೆ ಏರಿಸಿದರೆ ರಕ್ತದ ಮಟ್ಟ ದುಪ್ಪಟ್ಟಾದರೂ ಆಗಬಹುದು. ಬೇಕಾದ ಮಟ್ಟ ಮಿಲಿಲೀಟರಿಗೆ 10ರಿಂದ 20 ಮೈಕ್ರೋಗ್ರಾಂ. ಸಾಮಾನ್ಯವಾಗಿ 20 ದಾಟಿದರೆ ಕಣ್ಣು ಅದುರುತ್ತದೆ, 30 ದಾಟಿದರೆ ಕಾಲು ತಪ್ಪುತ್ತದೆ. ಅದಕ್ಕೇ ಡೋಸ್ ಏರಿಸುವಾಗ 30–50 ಮಿ.ಗ್ರಾಂ.ನಷ್ಟೇ ಏರಿಸುವುದು.

ಕೊಯ್ಲಿಗೆ ಬಂದಿದ್ದ ಅವರ ಒಸಡು ಉಬ್ಬಿ ಅರ್ಧ ಹಲ್ಲನ್ನೇ ಮುಚ್ಚಿತ್ತು. ಇದೂ ಫಿನೈಟಾಯಿನ್‌ನ ಅಡ್ಡಪರಿಣಾಮವೇ, ಆದರೆ ಇದಕ್ಕೂ ಬಾಗಿಲಿಗೂ ನೇರ ಸಂಬಂಧ ಕಾಣದು, ಒಸಡಿನ ಅಂಗಾಂಶವೇ ಬೆಳೆಯುವುದು. ಇಂಥವನ್ನು ಮಾತ್ರ ಬೇರೆಯಾಗಿ ಬಾಯಿಪಾಠ ಮಾಡಬೇಕು.

ಇನ್ನು ಗಾಬಾ ಗುಂಪು ಸುಲಭ. ಗಾಬಾ ಎಂದರೆ ಕ್ಲೋರೈಡ್ ಬಾಗಿಲು ತೆರೆದು ನರಕೋಶವನ್ನು ಶಾಂತಗೊಳಿಸುವ ಮೆದುಳಿನ ರಾಸಾಯನಿಕ. ಕ್ಲೋಬಜಾಮ್, ಮಿಡಜೋಲಾಮ್ ಕ್ಲೋರೈಡ್ ಬಾಗಿಲನ್ನು ಪದೇಪದೇ ತೆರೆಸುತ್ತವೆ; 1912ರಿಂದ ಬಳಕೆಯಲ್ಲಿರುವ ಫಿನೋಬಾರ್ಬಿಟಾಲ್ ತೆರೆದ ಬಾಗಿಲನ್ನು ಹೆಚ್ಚು ಹೊತ್ತು ತೆರೆದಿಡುತ್ತದೆ. ಎರಡರಲ್ಲೂ ನಿದ್ದೆ, ಮಂಪರು. ಲೆವಿಟಿರಾಸಿಟಾಮ್ ಹಿಡಿಯುವುದು ಎಸ್‌ವಿ2ಎ ಎಂಬ ಪ್ರೋಟೀನನ್ನು. "ಮಗು ಮಾತುಮಾತಿಗೆ ರೇಗ್ತದೆ" ಎಂದು ತಾಯಿ ಹೇಳಿದರೆ ಈ ಮದ್ದಿನ ಮೇಲೂ ಅನುಮಾನ ಪಡಿ.

ವಾಲ್‌ಪ್ರೊಯೇಟ್ ಹಲವು ದಾರಿಯಲ್ಲಿ ಕೆಲಸ ಮಾಡುತ್ತದೆ, ಅಡ್ಡಪರಿಣಾಮವೂ ಹಲವು: ತೂಕ ಏರುವುದು, ಕೂದಲು ಉದುರುವುದು, ಕೈ ನಡುಕ, ಯಕೃತ್ತಿಗೆ ಪೆಟ್ಟು. ಗರ್ಭಿಣಿ ತೆಗೆದುಕೊಂಡರೆ ಮಗುವಿನ ಬೆನ್ನುಹುರಿಗೇ ಅಪಾಯವಿರುವುದರಿಂದ ಹರೆಯದ ಹೆಣ್ಣುಮಕ್ಕಳಿಗೆ ಬೇರೆ ದಾರಿ ಇರುವಾಗ ಕೊಡುವುದಿಲ್ಲ. ಇದು ಲಾಮೊಟ್ರಿಜಿನ್ ಕರಗುವುದನ್ನೂ ತಡೆಯುತ್ತದೆ. ಎರಡೂ ಸೇರಿದರೆ ಲಾಮೊಟ್ರಿಜಿನನ್ನು ಅರ್ಧ ಡೋಸಿನಿಂದ, ವಾರಗಟ್ಟಲೆ ನಿಧಾನವಾಗಿ ಏರಿಸಬೇಕು. ಅವಸರಪಟ್ಟರೆ ಮೈಮೇಲೆ ದದ್ದು ಏಳುತ್ತದೆ. ಬಾಯೊಳಗೆ ಹುಣ್ಣಾಗಿ ಚರ್ಮ ಸುಲಿಯತೊಡಗಿದರೆ ಅದು ಸ್ಟೀವನ್ಸ್-ಜಾನ್ಸನ್ ಸಿಂಡ್ರೋಮ್ ಎಂಬ ಜೀವಕ್ಕೇ ಅಪಾಯದ ಪ್ರತಿಕ್ರಿಯೆ, ಅವತ್ತೇ ಆಸ್ಪತ್ರೆ.