ಅಮಲಿನ ಕಾನೂನು ಬದಲಿಸಿ ಎಂದವರ ಮೇಲೆ ಕೇಸ್ ಯಾಕೆ ಬೀಳುತ್ತದೆ?

ಬೆಳಗಾವಿಯಲ್ಲಿ ಚಳಿಗಾಲದ ಅಧಿವೇಶನ ಶುರುವಾದರೆ ಸುವರ್ಣ ವಿಧಾನಸೌಧದ ಹತ್ತಿರ ಬಸ್ತವಾಡ, ಕೊಂಡಸಕೊಪ್ಪದ ಕಡೆ ಶಾಮಿಯಾನಗಳು ಏಳುತ್ತವೆ. ಕಬ್ಬಿನ ದರದವರು, ಮೀಸಲಾತಿಯವರು, ಸಂಬಳ ಜಾಸ್ತಿ ಮಾಡಿ ಎನ್ನುವವರು, ಎಲ್ಲರೂ ಬರುತ್ತಾರೆ. ಊರಿನ ಮದ್ಯದಂಗಡಿ ಮುಚ್ಚಿಸಿ ಎಂದು ಕೇಳುವ ಹೆಣ್ಣುಮಕ್ಕಳೂ ಬರುತ್ತಾರೆ. ಇತ್ತ ಮೊಬೈಲ್‌ನಲ್ಲಿ ಬೇರೆಯದೇ ಸುದ್ದಿ ಓಡುತ್ತಿರುತ್ತದೆ. ಮಾದಕ ವಸ್ತು ಕಾನೂನು ಸಡಿಲಿಸಿ ಎಂದು ಹೊರದೇಶದಲ್ಲಿ ಯಾರೋ ಪಾರ್ಲಿಮೆಂಟಿಗೇ ಹೋಗಿ ಕೂಗಿದರು, ಅವರ ಮೇಲೆ ಕೇಸ್ ಬಿತ್ತು ಅಂತ.

ಒಬ್ಬರು ಮುಚ್ಚಿ ಅನ್ನುತ್ತಾರೆ, ಇನ್ನೊಬ್ಬರು ಬಿಡಿ ಅನ್ನುತ್ತಾರೆ. ಆದರೆ ಇಬ್ಬರೂ ಕೇಳುವುದು ಕಾನೂನು ಬದಲಿಸಿ ಅಂತಲೇ. ಕೇಳಿದ ಮೇಲೆ ಇಬ್ಬರೂ ಹೋಗಿ ನಿಲ್ಲುವುದು ಸಾಮಾನ್ಯವಾಗಿ ಒಂದೇ ಕಟಕಟೆಯಲ್ಲಿ. ಇದು ಇಷ್ಟು ಗೋಜಲಾಗಿದ್ದು ಹೇಗೆ ಅಂತ ನೋಡಬೇಕಾದರೆ ಸ್ವಲ್ಪ ಹಿಂದೆ ಹೋಗಬೇಕು.

ಬ್ರಿಟಿಷರಿಗೆ ಅಫೀಮು, ಗಾಂಜಾ, ಹೆಂಡ ಎಲ್ಲವೂ ಆದಾಯದ ಬಾಬತ್ತು. 1878ರ ಮುಂಬೈ ಅಬಕಾರಿ ಕಾಯ್ದೆ ನಮ್ಮ ಭಾಗದ ಹೆಂಡದ ಮರಗಳನ್ನು ಸರ್ಕಾರದ ಲೆಕ್ಕದೊಳಗೆ ತಂದಿತು. 1893–94ರಲ್ಲಿ ಗಾಂಜಾ, ಭಂಗಿಯ (ಅದೇ ಗಿಡದ ಎಲೆ ಅರೆದು ಮಾಡುವ ಅಮಲು) ಬಗ್ಗೆ ಒಂದು ಆಯೋಗ ಕೂತಿತು. ಸಾವಿರಕ್ಕೂ ಹೆಚ್ಚು ಸಾಕ್ಷಿಗಳನ್ನು ಕೇಳಿ, ಏಳು ಸಂಪುಟ ಬರೆದು, ಪೂರ್ತಿ ನಿಷೇಧ ಬೇಡ, ತೆರಿಗೆ ಹಾಕಿ ಹತೋಟಿಯಲ್ಲಿಡಿ ಎಂದಿತು. ಅಷ್ಟು ತಾಳ್ಮೆಯಿಂದ ಕೂತು ಕೇಳಿದ್ದು ಈ ವಿಷಯದಲ್ಲಿ ಆಮೇಲೆ ಅಪರೂಪ.

ಮುಂದಿನ ತಲೆಮಾರು ಅಂಗಡಿ ಮುಂದೆ ನಿಂತಿತು. 1921ರ ಜುಲೈ 1ರಂದು ಪಕ್ಕದ ಧಾರವಾಡದಲ್ಲಿ ಸಾರಾಯಿ ಅಂಗಡಿ ಎದುರು ಪಿಕೆಟಿಂಗ್ ನಡೆದಾಗ ಪೊಲೀಸರು ಗುಂಡು ಹಾರಿಸಿದರು. ಮೂವರು ಖಿಲಾಫತ್ ಸ್ವಯಂಸೇವಕರು ಸತ್ತರು. ಆಮೇಲೆ ಕೋರ್ಟಿಗೆ ಎಳೆದದ್ದು ಚಳವಳಿಯವರನ್ನೇ.

ಮೂರು ವರ್ಷದ ನಂತರ ಬೆಳಗಾವಿಯ ಸರದಿ. 1924ರ ಡಿಸೆಂಬರ್ ಅಧಿವೇಶನದ ಬಗ್ಗೆ ಇಲ್ಲಿ ಶಾಲೆ ಓದಿದ ಯಾರನ್ನಾದರೂ ಕೇಳಿ. ಗಾಂಧೀಜಿ ಕಾಂಗ್ರೆಸ್ ಅಧ್ಯಕ್ಷರಾಗಿದ್ದು ಇದೊಂದೇ ಸಲ ಅನ್ನುತ್ತಾರೆ. ಟಿಳಕವಾಡಿಯ ವೀರಸೌಧ, ಕಾಂಗ್ರೆಸ್ ಬಾವಿ ತೋರಿಸುತ್ತಾರೆ. 2024ರಲ್ಲಿ ನೂರು ವರ್ಷದ ಸಂಭ್ರಮವೂ ಆಯಿತು, ರಸ್ತೆ ತುಂಬ ದೀಪ ಹಾಕಿದ್ದರು. ಆ ಅಧಿವೇಶನದಲ್ಲಿ ಕುಡಿತ ಮತ್ತು ಅಫೀಮಿನ ವ್ಯಾಪಾರದ ಬಗ್ಗೆಯೇ ಒಂದು ನಿರ್ಣಯ ಆಗಿತ್ತು ಎನ್ನುವುದು ಮಾತ್ರ ಯಾರ ಭಾಷಣದಲ್ಲೂ ನನ್ನ ಕಿವಿಗೆ ಬೀಳಲಿಲ್ಲ. ಜನರ ಚಟದಿಂದ ಸರ್ಕಾರ ಆದಾಯ ಮಾಡಿಕೊಳ್ಳುವುದು ತಪ್ಪು, ಅದು ನಿಲ್ಲಬೇಕು. ಅಫೀಮು ಬೆಳೆಯುವುದು ಔಷಧಿಗೆ, ವಿಜ್ಞಾನಕ್ಕೆ ಎಷ್ಟು ಬೇಕೋ ಅಷ್ಟೇ ಇರಬೇಕು ಎಂಬುದು ಅದರ ತಿರುಳು. ಅಂದರೆ ಮಾದಕ ವಸ್ತು ಕಾನೂನಿನ ಸುಧಾರಣೆಯ ಬೇಡಿಕೆ ಇದೇ ಊರಲ್ಲಿ, ದೇಶದ ದೊಡ್ಡವರೆಲ್ಲ ಕೂತಿದ್ದ ಸಭೆಯಲ್ಲಿ ಪಾಸಾಗಿತ್ತು.

ಸ್ವಾತಂತ್ರ್ಯ ಬಂದ ಮೇಲೆ ಆ ಬೇಡಿಕೆ ಕಾನೂನಾಯಿತು. ಬೆಳಗಾವಿ ಮತ್ತು ಆಗಿನ ವಿಜಾಪುರ ಜಿಲ್ಲೆ ಮುಂಬೈ ರಾಜ್ಯದಲ್ಲಿದ್ದವು. ಬಾಗಲಕೋಟೆ ಇನ್ನೂ ವಿಜಾಪುರದೊಳಗೇ ಇತ್ತು, ಅದು ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಹಾಗಾಗಿ 1949ರ ಮುಂಬೈ ಪಾನನಿರೋಧ ಕಾಯ್ದೆ ಈ ಊರುಗಳಿಗೂ ಬಂತು. ಪರ್ಮಿಟ್ ಇದ್ದವರಿಗೆ ಬಾಟಲಿ, ಇಲ್ಲದವರಿಗೆ ಕಳ್ಳಭಟ್ಟಿ. ಇನ್ನು ಗಡಿಯಾಚೆಯ ಗೋವಾ 1961ರವರೆಗೆ ಪೋರ್ಚುಗೀಸರ ಕೈಯಲ್ಲಿತ್ತು. ಅಲ್ಲಿ ಇಂಥ ಕಾನೂನೇ ಇರಲಿಲ್ಲ. ಘಟ್ಟದ ದಾರಿಗಳಲ್ಲಿ ಏನು ನಡೆದಿರಬಹುದು ಅಂತ ಬಿಡಿಸಿ ಹೇಳಬೇಕಾ?

ಈ ಕಾಯ್ದೆಯಲ್ಲಿ ಇನ್ನೊಂದು ವಿಚಿತ್ರ ಇತ್ತು, ಅದನ್ನು ಸ್ವಲ್ಪ ನಿಂತು ನೋಡಬೇಕು. ಅದರ 23 ಮತ್ತು 24ನೇ ಕಲಂ ಪ್ರಕಾರ ಅಮಲಿನ ಪದಾರ್ಥವನ್ನು ಹೊಗಳುವುದೇ ಅಪರಾಧ. ಕುಡಿಯಬೇಕಾಗಿಲ್ಲ, ಮಾರಬೇಕಾಗಿಲ್ಲ. ನಾಲ್ಕು ಜನರ ಮುಂದೆ ಒಳ್ಳೆಯದು ಎಂದರೆ ಸಾಕು. ಕಾಯ್ದೆಯ ಉದ್ದೇಶ ಕೆಡಿಸುವಂಥ ಕೆಲಸಕ್ಕೆ ಯಾರನ್ನಾದರೂ ಹುರಿದುಂಬಿಸಿದರೂ ತಪ್ಪು. ಈ ಕಾಯ್ದೆಯನ್ನು ಪ್ರಶ್ನಿಸಿ ಮುಂಬೈನ ಬಾಲ್ಸಾರಾ ಎಂಬವರು ಕೋರ್ಟಿಗೆ ಹೋದರು. 1951ರಲ್ಲಿ ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕಾಯ್ದೆಯ ಬಹುಭಾಗವನ್ನು ಉಳಿಸಿತು. ಹೊಗಳುವುದನ್ನೂ ಹುರಿದುಂಬಿಸುವುದನ್ನೂ ಅಪರಾಧ ಮಾಡಿದ್ದ ಭಾಗವನ್ನು ವಾಕ್ ಸ್ವಾತಂತ್ರ್ಯಕ್ಕೆ ವಿರುದ್ಧ ಎಂದು ತೆಗೆದುಹಾಕಿತು. ಅಮಲಿನ ವಿಷಯದಲ್ಲಿ ಕಾನೂನಿಗೆ ವಿರುದ್ಧ ಮಾತಾಡುವ ಹಕ್ಕನ್ನು ನಮ್ಮ ಗಣರಾಜ್ಯ ಅದರ ಎರಡನೇ ವರ್ಷದಲ್ಲೇ ಒಪ್ಪಿಕೊಂಡಿತ್ತು ಅನ್ನಬಹುದು. ಹಾಗಿದ್ದ ಮೇಲೆ ಈಗಿನ ಕೇಸುಗಳು ಮಾತಿನ ಮೇಲೆ ಬೀಳುವುದಿಲ್ಲ, ನಿಂತ ಜಾಗದ ಮೇಲೆ ಬೀಳುತ್ತವೆ. ಅದಕ್ಕೆ ಆಮೇಲೆ ಬರುತ್ತೇನೆ.

1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು, 1967ರಲ್ಲಿ ಪಾನನಿರೋಧ ಹೋಯಿತು. ಸಾರಾಯಿ ಬಂತು, ಅಂಗಡಿಗಳ ಹರಾಜು ಬಂತು. 2007ರ ಜುಲೈ 1ರಿಂದ ಸಾರಾಯಿ ಬಂದ್ ಆಯಿತು. ಕುಡಿಯುವವರು ಅಗ್ಗದ ವಿಸ್ಕಿಗೆ ಹೋದರು. 2019ರ ಜನವರಿಯಲ್ಲಿ ಸಾವಿರಾರು ಮಹಿಳೆಯರು ಚಿತ್ರದುರ್ಗದಿಂದ ಬೆಂಗಳೂರಿಗೆ ಮದ್ಯ ನಿಷೇಧ ಕೇಳುತ್ತ ನಡೆದೇ ಹೋದರು. 2025–26ರ ಬಜೆಟ್‌ನಲ್ಲಿ ಅಬಕಾರಿಯಿಂದ ನಿರೀಕ್ಷಿಸಿದ್ದು 40,000 ಕೋಟಿ ರೂಪಾಯಿ. ಆ ನಡಿಗೆಗೆ ಸಿಕ್ಕ ಉತ್ತರ ಇದೇ ಎಂದು ಯಾರಾದರೂ ಓದಿಕೊಂಡರೆ ತಪ್ಪು ಅನ್ನಲಾಗುವುದಿಲ್ಲ.

ಗಾಂಜಾದ ಕತೆ ಬೇರೆ ಹಾದಿ ಹಿಡಿಯಿತು. ಮಾದಕ ವಸ್ತುಗಳ ಬಗೆಗಿನ 1961ರ ಅಂತಾರಾಷ್ಟ್ರೀಯ ಒಪ್ಪಂದಕ್ಕೆ ಭಾರತ ಸೇರಿತು. ಸಾಂಪ್ರದಾಯಿಕ ಬಳಕೆ ನಿಲ್ಲಿಸಲು 25 ವರ್ಷದ ಗಡುವಿತ್ತು. ಗಡುವು ಹತ್ತಿರವಾದಾಗ 1985ರಲ್ಲಿ ಮಾದಕ ವಸ್ತುಗಳ ಹತೋಟಿಯ ಎನ್‌ಡಿಪಿಎಸ್ ಕಾಯ್ದೆ ಬಂತು. ಮಸೂದೆ ಲೋಕಸಭೆಗೆ ಬಂದದ್ದು ಆಗಸ್ಟ್ 23ಕ್ಕೆ, ರಾಷ್ಟ್ರಪತಿ ಅಂಕಿತ ಸೆಪ್ಟೆಂಬರ್ 16ಕ್ಕೆ. ತಿಂಗಳೂ ತುಂಬಲಿಲ್ಲ. ಏಳು ಸಂಪುಟದ ಆಯೋಗ ನೆನಪಿದೆಯಲ್ಲ?

ಆ ಕಾಯ್ದೆಯ ಬಿಸಿ ನಮ್ಮ ಹೊಲಗಳಿಗೆ ತಟ್ಟುವುದು ಹೀಗೆ. ಕಬ್ಬಿನ ಸಾಲಿನ ನಡುವೆಯೋ ಅರಿಶಿನದ ಪಕ್ಕದಲ್ಲೋ ತೊಗರಿಯ ಒಳಗೋ ಗಾಂಜಾ ಗಿಡ ಸಿಗುತ್ತವೆ. ಗಿಡ ಬುಡಸಮೇತ ಕಿತ್ತು, ಹಸಿಯಾಗಿಯೇ ತಕ್ಕಡಿಗೆ ಹಾಕುತ್ತಾರೆ. ಬೇರು, ಮಣ್ಣು, ಕಾಂಡ, ಎಲೆ ಎಲ್ಲ ಸೇರಿ ತೂಕ. ಮರುದಿನ ಪೇಪರಿನಲ್ಲಿ ಅಷ್ಟು ಕೆಜಿ ಗಾಂಜಾ ವಶ ಎಂದು ಬರುತ್ತದೆ. ಕಾಯ್ದೆಯ ಪ್ರಕಾರ ಗಾಂಜಾ ಅಂದರೆ ಹೂ ಬಿಟ್ಟ ಅಥವಾ ಕಾಯಿ ಕಟ್ಟಿದ ತುದಿ. ತುದಿ ಜೊತೆಗಿಲ್ಲದಿದ್ದರೆ ಎಲೆ, ಬೀಜ ಲೆಕ್ಕಕ್ಕಿಲ್ಲ. 1 ಕೆಜಿವರೆಗೆ ಸಣ್ಣ ಪ್ರಮಾಣ, 20 ಕೆಜಿ ದಾಟಿದರೆ ವಾಣಿಜ್ಯ ಪ್ರಮಾಣ, ಆಗ ಕನಿಷ್ಠ 10 ವರ್ಷ. ಹಾಗಾಗಿ ಜಾಮೀನಿನ ವಾದ ಎಷ್ಟೋ ಸಲ ತಕ್ಕಡಿಯ ಸುತ್ತಲೇ ನಡೆಯುತ್ತದೆ. ಬೆಳೆದ ಆರೋಪಕ್ಕೆ ಈ ತೂಕದ ಮೆಟ್ಟಿಲೂ ಇಲ್ಲ. ಎರಡು ಗಿಡ ಇರಲಿ, ಇನ್ನೂರಿರಲಿ, 10 ವರ್ಷದವರೆಗೆ ಶಿಕ್ಷೆ ಕೊಡಬಹುದು. ಭಂಗಿ ಮಾತ್ರ ಈ ಕಾಯ್ದೆಯೊಳಗೆ ಬರುವುದಿಲ್ಲ ಎಂದು ಕರ್ನಾಟಕ ಹೈಕೋರ್ಟ್ 2022ರಲ್ಲಿ ಜಾಮೀನು ಕೊಡುವಾಗ ಹೇಳಿತು.

ಕಾಯ್ದೆ ಬದಲಾಗಿಲ್ಲ ಅಂತಲ್ಲ. 2001ರಲ್ಲಿ ಪ್ರಮಾಣಕ್ಕೆ ತಕ್ಕ ಶಿಕ್ಷೆ ಬಂತು. ನೋವಿನಲ್ಲಿರುವ ಕ್ಯಾನ್ಸರ್ ರೋಗಿಗಳಿಗೆ ಅಫೀಮಿನಿಂದ ಮಾಡುವ ಮಾರ್ಫಿನ್ ಸಿಗುವುದು 2014ರಲ್ಲಿ ಸ್ವಲ್ಪ ಸುಲಭವಾಯಿತು. ಅದರ ಹಿಂದೆ ಉಪಶಾಮಕ ಚಿಕಿತ್ಸೆಯ ವೈದ್ಯರ ವರ್ಷಗಟ್ಟಲೆ ಓಡಾಟವಿತ್ತು. ಸಂಸತ್ತಿನೊಳಗಿಂದಲೂ ಒಬ್ಬರು ಪ್ರಯತ್ನಿಸಿದರು. ಪಟಿಯಾಲದ ಸಂಸದ ಡಾ. ಧರ್ಮವೀರ ಗಾಂಧಿ ಗಾಂಜಾ, ಅಫೀಮಿನ ಸಾಂಪ್ರದಾಯಿಕ ಬಳಕೆಗೆ ದಾರಿ ಮಾಡಿ ಎಂದು 2016ರಲ್ಲಿ ಖಾಸಗಿ ಮಸೂದೆ (ಸಚಿವರಲ್ಲದ ಸದಸ್ಯರು ತರುವಂಥದ್ದು) ತಂದರು. ಖಾಸಗಿ ಮಸೂದೆಯೊಂದು ನಮ್ಮ ಸಂಸತ್ತಿನಲ್ಲಿ ಕೊನೆಯ ಸಲ ಕಾನೂನಾದದ್ದು 1970ರಲ್ಲಿ. ಮುಂದೇನಾಯಿತು ಅಂತ ಊಹಿಸಿಕೊಳ್ಳಿ.

ಬೇರೆಡೆ ಕೇಸ್ ಹಾಕಿಸಿಕೊಳ್ಳುವುದನ್ನೇ ಹೋರಾಟದ ದಾರಿ ಮಾಡಿಕೊಂಡವರಿದ್ದಾರೆ. ಇಟಲಿಯ ರಾಡಿಕಲ್ ಪಕ್ಷದ ಮಾರ್ಕೊ ಪನ್ನೆಲ್ಲಾ 1975ರಲ್ಲಿ ಎಲ್ಲರೆದುರು ಗಾಂಜಾ ಸೇದಿ ಬಂಧನಕ್ಕೊಳಗಾದರು. ಅದೇ ವರ್ಷದ ಕೊನೆಗೆ ಸ್ವಂತಕ್ಕೆ ಸ್ವಲ್ಪ ಇಟ್ಟುಕೊಂಡವರಿಗೆ ಶಿಕ್ಷೆ ಬೇಡ ಎಂಬ ಕಾನೂನು ಅಲ್ಲಿ ಬಂತು. ಜಾರ್ಜಿಯಾ ದೇಶದಲ್ಲಿ 2018ರ ಮೇ ತಿಂಗಳಲ್ಲಿ ಮಾದಕ ವಸ್ತುವಿನ ಹೆಸರಲ್ಲಿ ಕ್ಲಬ್‌ಗಳ ಮೇಲೆ ಪೊಲೀಸ್ ದಾಳಿಯಾದಾಗ ಯುವಕರು ಪಾರ್ಲಿಮೆಂಟ್ ಎದುರು ಸೇರಿ ಕುಣಿದು ಪ್ರತಿಭಟಿಸಿದರು.

ನಮ್ಮಲ್ಲಿ ಸದನದೊಳಗಿನ ಪ್ರತಿಭಟನೆ ಅಂದರೆ ಮೊದಲು ನೆನಪಾಗುವುದು 1929ರ ಏಪ್ರಿಲ್ 8, ಭಗತ್ ಸಿಂಗ್ ಮತ್ತು ಬಟುಕೇಶ್ವರ ದತ್. ಸ್ವಾತಂತ್ರ್ಯದ ನಂತರ ಗ್ಯಾಲರಿಯಿಂದ ಘೋಷಣೆ ಕೂಗಿದವರನ್ನು, ಕರಪತ್ರ ಎಸೆದವರನ್ನು ಸದನವೇ ತನ್ನ ಹಕ್ಕು ಬಳಸಿ ಶಿಕ್ಷಿಸುತ್ತಿತ್ತು. ಬೈದು ಕಳಿಸುವುದು, ಜಾಸ್ತಿಯಾದರೆ ಅಧಿವೇಶನ ಮುಗಿಯುವವರೆಗೆ ಜೈಲು. 2023ರ ಡಿಸೆಂಬರ್ 13ರಂದು ಇಬ್ಬರು ಯುವಕರು ಲೋಕಸಭೆಗೆ ಜಿಗಿದು ಹಳದಿ ಹೊಗೆ ಬಿಟ್ಟಾಗ ಭಯೋತ್ಪಾದನೆ ತಡೆಯ ಯುಎಪಿಎ ಕಾಯ್ದೆ ಹಾಕಲಾಯಿತು. ಅವರಲ್ಲೊಬ್ಬ ಮೈಸೂರಿನವನು. ಅವರು ಮಾಡಿದ್ದು ಸರಿ ಅಂತ ಹೇಳುತ್ತಿಲ್ಲ. ಶಿಕ್ಷೆಯ ಅಳತೆಗೋಲು ಎಲ್ಲಿಂದ ಎಲ್ಲಿಗೆ ಬಂತು ನೋಡಿ, ಅಷ್ಟೇ.

ಬೆಳಗಾವಿಯ ಶಾಮಿಯಾನದಲ್ಲಿ ಇಷ್ಟು ದೂರ ಹೋಗುವುದಿಲ್ಲ. ಗೊತ್ತುಮಾಡಿದ ಜಾಗದಲ್ಲಿ ಕೂತರೆ ಯಾರೂ ಕೇಳುವುದಿಲ್ಲ. ಸದನದಲ್ಲಿರುವವರಿಗೆ ಅದು ಕಾಣುವುದೂ ಇಲ್ಲ. ಕಾಣಿಸಿಕೊಳ್ಳಲು ಹೆದ್ದಾರಿಯತ್ತ ಹತ್ತು ಹೆಜ್ಜೆ ಇಟ್ಟರೆ ಕಲಂಗಳು ಸಾಲಾಗಿ ಬರುತ್ತವೆ. ಅಕ್ರಮ ಕೂಟ, ದಾರಿಗೆ ಅಡ್ಡಿ, ನಿಷೇಧಾಜ್ಞೆ ಉಲ್ಲಂಘನೆ. ತಳ್ಳಾಟವಾದರೆ ಸರ್ಕಾರಿ ನೌಕರರ ಕೆಲಸಕ್ಕೆ ಅಡ್ಡಿ. ಎಫ್‌ಐಆರ್‌ನಲ್ಲಿ ಮೂರ್ನಾಲ್ಕು ಮುಖಂಡರ ಹೆಸರಿರುತ್ತದೆ, ಆಮೇಲೆ 'ಮತ್ತು ಇತರರು' ಎಂಬ ಸಾಲು. ಆ ಇತರರಲ್ಲಿ ಯಾರು ಸೇರುತ್ತಾರೆ ಅನ್ನುವುದು ವಿಡಿಯೊ ನೋಡಿದ ಮೇಲೆ ತೀರ್ಮಾನ. ಸಮನ್ಸ್ ಬಂದಾಗ ಎಷ್ಟೋ ಜನಕ್ಕೆ ತಮ್ಮ ಮೇಲೆ ಕೇಸಿದೆ ಅಂತ ಮೊದಲ ಸಲ ಗೊತ್ತಾಗುತ್ತದೆ. ಆಮೇಲೆ ಜಾಮೀನು, ಬಾಂಡ್, ವಾಯ್ದೆ. ಪ್ರತಿ ವಾಯ್ದೆಗೂ ಒಂದು ದಿನದ ಕೂಲಿ ಹೋಗುತ್ತದೆ.

ಸರ್ಕಾರ ಬದಲಾದಾಗ ಕೇಸ್ ವಾಪಸ್ ಪಡೆಯುವ ಪದ್ಧತಿಯೂ ಇದೆ. ಅದಕ್ಕೆ ಸಂಪುಟದವರೆಗೆ ದನಿ ಮುಟ್ಟಿಸುವ ಸಂಘಟನೆ ಬೇಕು. ಅಂಗಡಿ ಮುಚ್ಚಿಸಿ ಎಂದು ಬಂದ ಹಳ್ಳಿಯ ಹೆಣ್ಣುಮಕ್ಕಳಿಗೆ ಅಂಥ ಬಲ ಸುಮ್ನೆ ಬರುವುದಿಲ್ಲ ಅಲ್ವಾ?

ಕಾನೂನಿನಲ್ಲಿ ಇನ್ನೊಂದು ಬಾಗಿಲಿದೆ. ನಿಷೇಧಾಜ್ಞೆ ಮೀರಿದ ಆರೋಪ ಮೊದಲು ಐಪಿಸಿ 188 ಆಗಿತ್ತು, 2024ರ ಜುಲೈನಿಂದ ಭಾರತೀಯ ನ್ಯಾಯ ಸಂಹಿತೆಯ 223. ಆದೇಶ ಹೊರಡಿಸಿದ ಅಧಿಕಾರಿ, ಅವರ ಮೇಲಧಿಕಾರಿ ಅಥವಾ ಆ ಅಧಿಕಾರಿಯೇ ಅಧಿಕಾರ ಕೊಟ್ಟ ಇನ್ನೊಬ್ಬ ಸರ್ಕಾರಿ ನೌಕರ ಲಿಖಿತ ದೂರು ಕೊಡದೆ ಕೋರ್ಟ್ ಇದನ್ನು ವಿಚಾರಣೆಗೆ ತೆಗೆದುಕೊಳ್ಳುವಂತಿಲ್ಲ. ಪೊಲೀಸರ ಎಫ್‌ಐಆರ್ ಒಂದೇ ಇದ್ದ ಎಷ್ಟೋ ಪ್ರಕರಣಗಳು ಹೈಕೋರ್ಟಿನಲ್ಲಿ ಬಿದ್ದುಹೋಗಿವೆ. ಬೆಳಗಾವಿ, ಬಾಗಲಕೋಟೆಯವರು ಅದಕ್ಕೆ ಧಾರವಾಡ ಪೀಠಕ್ಕೆ ಹೋಗಬೇಕು, ವಿಜಯಪುರದವರು ಕಲಬುರಗಿಗೆ. ವಕೀಲರ ಫೀ ಬೇರೆ. 223ಕ್ಕೆ ದಂಡ ಸಾಮಾನ್ಯವಾಗಿ 2,500 ರೂಪಾಯಿಯೊಳಗೆ ಮುಗಿಯುತ್ತದೆ. ಹಾಗಾಗಿ ಪೀಠದ ಮೆಟ್ಟಿಲು ಹತ್ತುವುದಕ್ಕಿಂತ ತಪ್ಪೊಪ್ಪಿಕೊಂಡು ದಂಡ ಕಟ್ಟಿ ಊರಿಗೆ ಹೋಗುವುದೇ ಅಗ್ಗ ಅನಿಸುತ್ತದೆ. ದಂಡ ಕಟ್ಟಿದರೂ ಅದು ಅಪರಾಧ ಸಾಬೀತಾದಂತೆಯೇ ದಾಖಲಾಗುತ್ತದೆ ಎಂದು ಆ ಹೊತ್ತಿನಲ್ಲಿ ಅವರಿಗೆ ಹೇಳುವವರು ಕಡಿಮೆ.