ಹಿಡಿದ ಹುಲಿಯನ್ನು ಬಿಡಲು ಖಾಲಿ ಕಾಡು ಎಲ್ಲಿದೆ?

ಮೈಸೂರು, ಚಾಮರಾಜನಗರ, ಕೊಡಗು ಜಿಲ್ಲೆಗಳ ಕಾಡಂಚಿನ ಊರುಗಳಲ್ಲಿ ಹುಲಿ ಹಸುವನ್ನು ಹಿಡಿದ ಮರುದಿನ ಸೇರುವ ಸಭೆಗಳಲ್ಲಿ ವನ್ಯಜೀವಿ ಪಶುವೈದ್ಯನಾಗಿ ಕುಳಿತಾಗಲೆಲ್ಲ ನನ್ನ ಮುಂದೆ ಬರುವ ಬೇಡಿಕೆ ಒಂದೇ: ಹುಲಿಯನ್ನು ಕೊಲ್ಲುವುದು ಬೇಡ, ಹಿಡಿದು ಬೇರೆ ಕಾಡಿಗೆ ಬಿಡಿ. ಕೇಳುವವರಲ್ಲಿ ರೈತರಿರುತ್ತಾರೆ, ಜನಪ್ರತಿನಿಧಿಗಳಿರುತ್ತಾರೆ, ಬೆಂಗಳೂರಿನಿಂದ ಫೋನ್ ಮಾಡುವ ಪ್ರಾಣಿಪ್ರಿಯರೂ ಇರುತ್ತಾರೆ. ಉಳಿದೆಲ್ಲ ವಿಷಯಗಳಲ್ಲಿ ಜಗಳವಾಡುವ ಈ ಮೂವರೂ ಇದೊಂದರಲ್ಲಿ ಒಮ್ಮತಕ್ಕೆ ಬರುವುದನ್ನು ಕಂಡು ಮೊದಮೊದಲು ಸಮಾಧಾನವಾಗುತ್ತಿತ್ತು, ಈಗ ಆಯಾಸವಾಗುತ್ತದೆ.

‘ಯಾವ ಕಾಡಿಗೆ?’ ಎಂದು ನಾನು ಕೇಳುತ್ತೇನೆ. ದಾಂಡೇಲಿ ಎನ್ನುತ್ತಾರೆ, ಭದ್ರಾ ಎನ್ನುತ್ತಾರೆ, ಅಷ್ಟು ದೂರ ಹೋಗಲಾರದವರು ಬಂಡೀಪುರದ ನಡುವಿನ ಕಾಡು ಎನ್ನುತ್ತಾರೆ. ಎಲ್ಲರ ಮನಸ್ಸಿನಲ್ಲಿಯೂ ಎಲ್ಲೋ ಒಂದು ಖಾಲಿ ಕಾಡು ಇದೆ. ಹೊಲಗಳಿಗೆ ಪಹಣಿ ಇರುವಂತೆ ನಮ್ಮ ಒಳ್ಳೆಯ ಕಾಡುಗಳ ಪ್ರತಿ ತುಂಡೂ ಈಗಾಗಲೇ ಒಂದಲ್ಲ ಒಂದು ಹುಲಿಯ ಹೆಸರಿನಲ್ಲಿದೆ ಎಂಬುದನ್ನು ಒಪ್ಪಿಸುವುದು ನನ್ನ ವೃತ್ತಿಯಲ್ಲಿ ಅರಿವಳಿಕೆ ಮದ್ದು ತುಂಬಿದ ಡಾರ್ಟ್ ಹೊಡೆಯುವುದಕ್ಕಿಂತ ಕಷ್ಟದ ಕೆಲಸ.

2022ರ ಅಂದಾಜಿನಂತೆ ಕರ್ನಾಟಕದಲ್ಲಿ 563 ಹುಲಿಗಳಿದ್ದವು. ಬಂಡೀಪುರದಲ್ಲಿ 150, ನಾಗರಹೊಳೆಯಲ್ಲಿ 141. ಒಂದು ಹುಲಿ ವರ್ಷಕ್ಕೆ ಸುಮಾರು 50 ಗೊರಸಿನ ಪ್ರಾಣಿಗಳನ್ನು ತಿನ್ನುತ್ತದೆ. ಜಿಂಕೆ, ಕಡವೆ, ಕಾಟಿಗಳ ಸಂತತಿ ಕುಸಿಯದೆ ಹೀಗೆ ತಿನ್ನುತ್ತಿರಬೇಕಾದರೆ ಅದರ ಸರಹದ್ದಿನಲ್ಲಿ ಅಂಥ 500 ಪ್ರಾಣಿಗಳಾದರೂ ಇರಬೇಕು. ನಾಗರಹೊಳೆಯಂಥ ಸಮೃದ್ಧ ಕಾಡಿನಲ್ಲಿ ಹೆಣ್ಣು ಹುಲಿಗೆ ಹದಿನೈದಿಪ್ಪತ್ತು ಚದರ ಕಿಲೋಮೀಟರ್ ಸಾಕಾದರೆ, ಬೇಟೆ ವಿರಳವಾಗಿರುವ ರಷ್ಯಾದ ಪೂರ್ವ ತುದಿಯಲ್ಲಿ ಅದೇ ಜಾತಿಯ ಹೆಣ್ಣಿಗೆ ನಾನೂರು ಚದರ ಕಿಲೋಮೀಟರಿನ ಆಸುಪಾಸು ಬೇಕಾಗುತ್ತದೆ. ಆದ್ದರಿಂದ ದಾಂಡೇಲಿಯ ಕಡೆ ಹುಲಿ ಕಡಿಮೆ ಎಂದ ಮಾತ್ರಕ್ಕೆ ಅಲ್ಲಿ ಜಾಗ ಉಳಿದಿದೆ ಎಂದು ಅರ್ಥವಲ್ಲ. ಆ ದಟ್ಟ ಕಾಡಿನಲ್ಲಿ ಬೇಟೆಯ ಪ್ರಾಣಿಗಳು ಕಡಿಮೆ ಇರುವುದರಿಂದಲೇ ಹುಲಿಗಳೂ ಕಡಿಮೆ ಇವೆ. ನಾವು ಲಾರಿಯಲ್ಲಿ ಹುಲಿಯನ್ನು ಕಳುಹಿಸಬಹುದು, ಅದರ ಹಿಂದೆ ಐನೂರು ಜಿಂಕೆಗಳನ್ನು ಕಳುಹಿಸುವವರು ಯಾರು?

ಹೊಸ ಕಾಡಿಗೆ ಬಿಟ್ಟ ಹುಲಿ ಮೊದಲು ಎದುರಿಸುವುದು ಆ ಜಾಗದ ಒಡೆಯನನ್ನು. ಕಾದಾಡಿ ಸಾಯಬಹುದು, ಗಾಯಗೊಂಡು ಓಡಬಹುದು. ಓಡಿದರೆ ಅದು ಸೇರುವುದು ಬೇರೆ ಯಾವ ಹುಲಿಯೂ ಬೇಡವೆಂದು ಬಿಟ್ಟ ಅಂಚಿಗೆ, ಅಂದರೆ ಮತ್ತೊಂದು ಊರಿನ ಜೋಳದ ಹೊಲಕ್ಕೆ ಅಥವಾ ಕಾಫಿ ತೋಟಕ್ಕೆ. 2014ರ ಕೊನೆಯಲ್ಲಿ ಚಿಕ್ಕಮಗಳೂರಿನ ತೋಟಗಳ ಸೀಮೆಯಲ್ಲಿ ಸೆರೆಹಿಡಿದ ಹುಲಿಯನ್ನು ಬೆಳಗಾವಿ ಜಿಲ್ಲೆಯ ಭೀಮಗಡ ಅಭಯಾರಣ್ಯದಲ್ಲಿ ಬಿಡಲಾಯಿತು. ಕೆಲವೇ ವಾರಗಳಲ್ಲಿ ಖಾನಾಪುರ ತಾಲ್ಲೂಕಿನಲ್ಲಿ ಮಹಿಳೆಯೊಬ್ಬರು ಅದಕ್ಕೆ ಬಲಿಯಾದರು, ಕೊನೆಗೆ ಅದನ್ನು ಗುಂಡಿಟ್ಟು ಕೊಲ್ಲಬೇಕಾಯಿತು. ಒಂದು ಜಿಲ್ಲೆಯ ದುಃಖವನ್ನು ಇನ್ನೊಂದು ಜಿಲ್ಲೆಗೆ ಸಾಗಿಸುವುದು ಪರಿಹಾರವೆಂದು ನನಗೆ ಅನಿಸುವುದಿಲ್ಲ.

ಇಷ್ಟು ಹೇಳಿದ ಮೇಲೆ ಓದಿಕೊಂಡವರು ಪನ್ನಾದ ಉದಾಹರಣೆಯನ್ನು ತೆಗೆಯುತ್ತಾರೆ. ಆ ಉದಾಹರಣೆ ನಿಜವೇ. ಆದರೆ ಅದು ಅವರ ವಾದಕ್ಕೆ ವಿರುದ್ಧವಾಗಿದೆ. 2009ರ ಹೊತ್ತಿಗೆ ಮಧ್ಯಪ್ರದೇಶದ ಪನ್ನಾದಲ್ಲಿ ಕಳ್ಳಬೇಟೆಯಿಂದಾಗಿ ಒಂದು ಹುಲಿಯೂ ಉಳಿದಿರಲಿಲ್ಲ. ಬೇಟೆಯ ಪ್ರಾಣಿಗಳು ಇದ್ದವು, ತಿನ್ನುವವರು ಇರಲಿಲ್ಲ. ಬಾಂಧವಗಡ ಮತ್ತು ಕಾನ್ಹಾದಿಂದ ಹೆಣ್ಣುಗಳನ್ನೂ ಪೆಂಚ್‌ನಿಂದ ಗಂಡೊಂದನ್ನೂ ತಂದರು. ಆ ಗಂಡು ಹುಲಿ ಹೊಸ ಊರನ್ನು ಒಪ್ಪದೆ, ಪೆಂಚ್ ಇರುವ ದಕ್ಷಿಣ ದಿಕ್ಕನ್ನೇ ಹಿಡಿದು, ಊರು, ರಸ್ತೆ, ಹೊಲಗಳನ್ನು ದಾಟುತ್ತ ನೂರಾರು ಕಿಲೋಮೀಟರ್ ನಡೆಯಿತು. ಅದನ್ನು ಹಗಲಿರುಳು ಹಿಂಬಾಲಿಸಿ, ಮತ್ತೆ ಅರಿವಳಿಕೆ ಕೊಟ್ಟು, ವಾಪಸು ತರಬೇಕಾಯಿತು. 2010ರ ಏಪ್ರಿಲ್‌ನಲ್ಲಿ ಅಲ್ಲಿ ಮರಿಗಳು ಹುಟ್ಟಿದ ಸುದ್ದಿ ಕೇಳಿ ನಮ್ಮ ವೃತ್ತಿಯವರೆಲ್ಲ ಹಬ್ಬ ಮಾಡಿದ್ದೆವು. ಹಾಗೆ ಆಯ್ದು ತಂದದ್ದು ಆರೋಗ್ಯವಂತ, ಜನರ ತಂಟೆಗೆ ಹೋಗದ ಹುಲಿಗಳನ್ನು. ಬಿಟ್ಟದ್ದು ನಿಜಕ್ಕೂ ಖಾಲಿಯಾಗಿದ್ದ ಕಾಡಿಗೆ. ತೊಂದರೆ ಕೊಡುವ ಹುಲಿಯನ್ನು ವಿಲೇವಾರಿ ಮಾಡುವ ವಿಧಾನವಾಗಿ ಯಾರೂ ಅದನ್ನು ರೂಪಿಸಿರಲಿಲ್ಲ. 2018ರಲ್ಲಿ ಒಡಿಶಾದ ಸಾತಕೋಸಿಯಾದಲ್ಲಿ ಇಂಥದೇ ಪ್ರಯತ್ನ ನಡೆದಾಗ ಸುತ್ತಲಿನ ಹಳ್ಳಿಗಳ ಒಪ್ಪಿಗೆ ದೊರೆತಿರಲಿಲ್ಲ. ತಂದ ಗಂಡು ಕೆಲವೇ ತಿಂಗಳಲ್ಲಿ ಸತ್ತಿತು. ಹೆಣ್ಣನ್ನು ಬಹುಕಾಲ ಆವರಣದೊಳಗಿಟ್ಟು 2021ರಲ್ಲಿ ಮಧ್ಯಪ್ರದೇಶಕ್ಕೆ ಮರಳಿಸಿದರು.

ಇನ್ನು, ಹುಲಿಯನ್ನು ತೆಗೆದ ಜಾಗದಲ್ಲಿ ಏನಾಗುತ್ತದೆ ಎಂಬುದನ್ನು ಯಾರೂ ಕೇಳುವುದಿಲ್ಲ. ಎರಡು ವರ್ಷ ತುಂಬುವ ಹೊತ್ತಿಗೆ ತಾಯಿಯಿಂದ ಬೇರೆಯಾಗುವ ಹುಲಿಗಳು, ಅದರಲ್ಲೂ ಗಂಡುಗಳು, ನೆಲೆ ಹುಡುಕುತ್ತ ಅಂಚಿನಲ್ಲಿ ಅಲೆಯುತ್ತಿರುತ್ತವೆ. ನೆಲೆನಿಂತ ಗಂಡನ್ನು ನಾವು ಬೋನಿನಲ್ಲಿ ಕೂರಿಸಿ ಕರೆದೊಯ್ದರೆ ಅದರ ಸ್ಥಳಕ್ಕೆ ಇಂಥದೊಂದು ಬರುತ್ತದೆ. ಬಂದದ್ದು ಹಳೆಯ ಗಂಡಿನ ಮರಿಗಳನ್ನು ಕೊಲ್ಲುವುದುಂಟು. ಮರಿಗಳನ್ನು ಉಳಿಸಿಕೊಳ್ಳಲು ತಾಯಿ ಒಳಗಾಡನ್ನು ಬಿಟ್ಟು ತೋಟದ ಪೊದೆಗಳಿಗೆ ಇಳಿಯುವುದೂ ಉಂಟು. ಪ್ರತಿ ಸಲವೂ ಹೀಗೆಯೇ ಆಗುತ್ತದೆ ಎಂದು ನಾನು ಹೇಳಲಾರೆ. ಆದರೆ ಜನರ ತಂಟೆಗೆ ಹೋಗದೆ, ಅಪರೂಪಕ್ಕೆ ಹಸು ಹಿಡಿಯುತ್ತಿದ್ದ ಒಂದು ಹುಲಿಯನ್ನು ತೆಗೆಸಿ, ಸ್ವಭಾವ ತಿಳಿಯದ ಎರಡನ್ನು ಬರಮಾಡಿಕೊಂಡ ಊರುಗಳನ್ನು ಕಂಡಿದ್ದೇನೆ. ಅಂಥ ಒಂದು ಊರಿನಲ್ಲಿ ಹಿರಿಯರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು, ‘ಸಾ, ಹೋದ್ ಸಲ ಹಿಡ್ಕೊಂಡ್ ಹೋದ್ರಲ್ಲ, ಅದನ್ನೇ ವಾಪಸ್ ತಂದ್ಬುಡಿ, ಅದು ವಾಸಿ’ ಎಂದರು. ತಮಾಷೆಗೆ ಹೇಳಿದ್ದಲ್ಲ. ಹುಲಿಯೊಂದಿಗೆ ಬಾಳಿದವರಿಗೆ ಇರುವ ಈ ವಿವೇಚನೆ ಸಭೆಯ ಮೈಕಿನ ಮುಂದೆ ಬರುವುದೇ ಇಲ್ಲ.

ಹಿಡಿಯುವ ಕೆಲಸವೂ ಜನ ತಿಳಿದಷ್ಟು ಸಲೀಸಲ್ಲ. ಡಾರ್ಟ್ ತಾಗಿದ ಕೂಡಲೇ ಹುಲಿ ಬೀಳುವುದಿಲ್ಲ. ಮದ್ದು ಹತ್ತಲು ಬೇಕಾದ ನಿಮಿಷಗಳಲ್ಲಿ ಅದು ಎಲ್ಲಿಗೆ ನುಗ್ಗುತ್ತದೆ ಎಂಬುದು ಸುತ್ತ ನಿಂತ ಗುಂಪಿನ ಮೇಲೆ ಅವಲಂಬಿಸಿದೆ. ಮೊಬೈಲ್ ಹಿಡಿದು ಮರ ಹತ್ತಿದ ಹುಡುಗರನ್ನು ಬೈದು ಬೈದು ನನ್ನ ಗಂಟಲು ಹೋಗಿದೆ. ಬಿಸಿಲಿನಲ್ಲಿ ಮಂಪರಾದ ಪ್ರಾಣಿಯ ಮೈ ಬೇಗ ಕಾಯುತ್ತದೆ, ನೀರು ಸುರಿದು ತಣಿಸಬೇಕು. ಬೋನಿನ ಕಂಬಿ ಕಚ್ಚಿ ಕೋರೆಹಲ್ಲು ಮುರಿದುಕೊಂಡ ಹುಲಿಯನ್ನು ಯಾವ ಕಾಡಿಗೂ ಬಿಡುವಂತಿಲ್ಲ, ಅದು ಮೈಸೂರಿನ ಕೂರ್ಗಳ್ಳಿಯಂಥ ಪುನರ್ವಸತಿ ಕೇಂದ್ರದಲ್ಲಿ ಜೀವ ಸವೆಸಬೇಕಾಗುತ್ತದೆ.

ಹಿಡಿಯಲೇಬಾರದು ಎಂದು ನಾನು ವಾದಿಸುತ್ತಿಲ್ಲ. ಮನುಷ್ಯರ ಮೇಲೆ ಪದೇ ಪದೇ ಎರಗುವ ಹುಲಿಯನ್ನು ತಡಮಾಡದೆ ತೆಗೆಯಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 11ನೆಯ ಸೆಕ್ಷನ್ ಅದಕ್ಕೆ ದಾರಿ ಕೊಟ್ಟಿದೆ, ಮತ್ತು ಹಾಗೆ ತೆಗೆದದ್ದನ್ನು ಮರಳಿ ಕಾಡಿಗೆ ಬಿಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ದಾರಿ ತಪ್ಪಿ ಕಬ್ಬಿನ ಗದ್ದೆಗೆ ಬಂದ, ಗಾಯವಿಲ್ಲದ ಎಳೆಯ ಹುಲಿಯನ್ನು ಅದೇ ಕಾಡಿನ ಹತ್ತಿರದ ಭಾಗಕ್ಕೆ ತಲುಪಿಸುವುದು ಬೇರೆ ಮಾತು. ಆದರೆ ಇವೆರಡರಲ್ಲಿ ನಮ್ಮ ಮುಂದಿರುವುದು ಯಾವುದು ಎಂದು ತಿಳಿಯಲು ಮೊದಲು ಹುಲಿಯ ಗುರುತು ಸಿಗಬೇಕು. ಎರಡು ಹುಲಿಗಳ ಪಟ್ಟೆ ಒಂದೇ ಆಗಿರುವುದಿಲ್ಲ. ಪ್ರಾಣಿ ಎದುರು ಹಾದಾಗ ತಾನಾಗಿ ಚಿತ್ರ ತೆಗೆಯುವ ಕ್ಯಾಮೆರಾ ಟ್ರ್ಯಾಪ್‌ನ ಒಂದು ಸ್ಪಷ್ಟ ಚಿತ್ರ ಇಡೀ ಊರಿನ ಊಹೆಗಿಂತ ಹೆಚ್ಚು ಹೇಳುತ್ತದೆ.

ಇದಕ್ಕೆ ಹಸುವಿನ ಕಳೇಬರ ಬಿದ್ದಲ್ಲೇ ಇರಬೇಕು. ಅದನ್ನು ಎಳೆದು ಹೂತುಬಿಟ್ಟರೆ ಹುಲಿ ಮರಳಿ ಬಂದು ತಿನ್ನಲಾಗದೆ ಮತ್ತೊಂದು ಹಸುವನ್ನು ಹಿಡಿಯುತ್ತದೆ, ಕ್ಯಾಮೆರಾದಲ್ಲಿ ಏನೂ ಬೀಳುವುದಿಲ್ಲ, ಪರಿಹಾರದ ಅರ್ಜಿಗೆ ಪುರಾವೆಯೂ ಉಳಿಯುವುದಿಲ್ಲ. ಆದರೆ ಕಳೇಬರವನ್ನು ಕಾವಲಿಲ್ಲದೆ ಬಿಡುವುದೂ ಅಪಾಯವೇ. 2025ರ ಜೂನ್‌ನಲ್ಲಿ ಮಲೆ ಮಹದೇಶ್ವರ ಬೆಟ್ಟದ ಹೂಗ್ಯಂ ವಲಯದಲ್ಲಿ ತಾಯಿ ಹುಲಿಯೊಂದು ನಾಲ್ಕು ಮರಿಗಳೊಂದಿಗೆ ಸತ್ತದ್ದು ಹಾಗೆ ಬಿದ್ದಿದ್ದ ಹಸುವಿಗೆ ಹಾಕಿದ್ದ ವಿಷದಿಂದ. ಅರಣ್ಯ ಸಿಬ್ಬಂದಿ ಅಂದೇ ಸ್ಥಳಕ್ಕೆ ಬಂದು, ಮಹಜರು ಬರೆದು, ಕ್ಯಾಮೆರಾ ಕಟ್ಟಿ, ಕಾವಲು ಹಾಕಿ, ಹಸುವಿನ ಬೆಲೆಯನ್ನು ವಾರಗಟ್ಟಲೆ ಅಲೆಸದೆ ಕೊಡುವ ಕಡೆಗಳಲ್ಲಿ ‘ಬೇರೆ ಕಾಡಿಗೆ ಬಿಡಿ’ ಎಂಬ ಕೂಗು ಸಭೆಗೆ ಬರುವ ಮೊದಲೇ ಅರ್ಧಕ್ಕೆ ಇಳಿದಿರುತ್ತದೆ.