ಬ್ರಾಕೆಟ್ ಒಳಗಿನ ಮುಳ್ಳುಮೀನು

ಅಳಿಲು ಮೀನು ಅಂದ ಕೂಡಲೇ ಬೆನ್ನ ಮೇಲೆ ಮೂರು ಗೆರೆ ಹುಡುಕಬೇಡಿ. ಇಂಗ್ಲಿಷಿನವರು ಸ್ಕ್ವಿರಲ್‌ಫಿಶ್ ಅಂತ ಕರೆದರು, ನಾವು ಸುಮ್ನೆ ಕನ್ನಡಕ್ಕೆ ತಂದುಕೊಂಡೆವು. ಮೈ ಕೆಂಪು, ಒರಟು ಹುರುಪೆ, ಮುಖದ ತುಂಬ ಕಣ್ಣು. ಹಗಲೆಲ್ಲ ಹವಳದ ಬಂಡೆಯ ಸಂದಿಯಲ್ಲಿ ಅಡಗಿದ್ದು, ಕತ್ತಲಾದ ಮೇಲೆ ಏಡಿ, ಸಿಗಡಿ ಹುಡುಕಿಕೊಂಡು ಹೊರಡುತ್ತದೆ. ನೈಟ್ ಶಿಫ್ಟ್ ಕೆಲಸ.

ಕದ್ದು ಓಡಾಡುವ ಮೀನಿಗೆ ಇಷ್ಟು ಕೆಂಪು ಬಣ್ಣ ಯಾಕೆ? ನೀರಿನೊಳಗೆ ಎಲ್ಲಕ್ಕಿಂತ ಮೊದಲು ಮಾಯವಾಗುವ ಬೆಳಕೇ ಕೆಂಪು. ಹಾಗಾಗಿ ಆಳದಲ್ಲಿ ಈ ಮೀನು ಬೂದುಗಪ್ಪು ನೆರಳಿನಂತೆ ಕಾಣುತ್ತದೆ. ಮೇಲೆತ್ತಿದಾಗಲೇ ಅದರ ಕೆಂಪು ನಮಗೆ ಕಾಣುವುದು. ಸಿಟ್ಟು ಬಂದರೆ ಸದ್ದೂ ಮಾಡುತ್ತದೆ. ಹೊಟ್ಟೆಯೊಳಗಿನ ಗಾಳಿಚೀಲವನ್ನು ಸ್ನಾಯುಗಳಿಂದ ಅದುರಿಸಿ ಗುರುಗುಟ್ಟುತ್ತದೆ.

ಈ ಕುಟುಂಬದ ದೊಡ್ಡಣ್ಣಂದಿರಲ್ಲಿ ಒಬ್ಬನ ಉದ್ದ ಸುಮಾರು ಅರ್ಧ ಮೀಟರ್. ಕೆಂಪು ಸಮುದ್ರದಿಂದ ಹವಾಯಿಯವರೆಗೆ ಇದರ ಸಂಸಾರ. ಕೆನ್ನೆಯಲ್ಲಿ ಹಿಂದಕ್ಕೆ ಚಾಚಿದ ಉದ್ದ ಮುಳ್ಳಿದೆ, ಅದರಲ್ಲಿ ವಿಷ. ಪುಸ್ತಕದಲ್ಲಿ ಇದರ ಹೆಸರು ಹೀಗಿರುತ್ತದೆ: ಸಾರ್ಗೊಸೆಂಟ್ರಾನ್ ಸ್ಪಿನಿಫೆರಮ್ (ಫೋರ್ಸ್‌ಕೋಲ್, 1775). ಗ್ರೀಕಿನ ‘ಕೆಂಟ್ರಾನ್’ ಅಂದರೆ ಮುಳ್ಳು. ಲ್ಯಾಟಿನ್‌ನ ‘ಸ್ಪಿನಿಫೆರ್’ ಅಂದರೆ ಮುಳ್ಳು ಹೊತ್ತವನು. ಮುಳ್ಳಿನ ಮೇಲೆ ಮುಳ್ಳು!

ನನಗೆ ಇಷ್ಟವಾಗುವುದು ಆ ಬ್ರಾಕೆಟ್. ಅದನ್ನು ಅಂದಕ್ಕೆ ಹಾಕಿದ್ದಲ್ಲ. ಹೆಸರಿಟ್ಟವರು ಮೀನನ್ನು ಮೊದಲು ಬೇರೆ ಕುಲಕ್ಕೆ (ಹೆಸರಿನ ಮೊದಲ ಪದ ಹೇಳುವ ಗುಂಪಿಗೆ) ಸೇರಿಸಿದ್ದರು, ಆಮೇಲೆ ಬಂದವರು ಮನೆ ಬದಲಿಸಿದರು ಎಂದು ಅದರರ್ಥ. ಫೋರ್ಸ್‌ಕೋಲ್ ಇಟ್ಟಿದ್ದು ‘ಸಿಯೆನಾ ಸ್ಪಿನಿಫೆರಾ’. ಸಾರ್ಗೊಸೆಂಟ್ರಾನ್ ಎಂಬ ಕುಲದ ಹೆಸರು ಹುಟ್ಟಿದ್ದೇ 1904ರಲ್ಲಿ. ಕುಲ ಬದಲಾದಾಗ ‘ಸ್ಪಿನಿಫೆರಾ’ ಯಾಕೆ ‘ಸ್ಪಿನಿಫೆರಮ್’ ಆಯಿತು? ಸಿಯೆನಾ ಸ್ತ್ರೀಲಿಂಗ, ಸಾರ್ಗೊಸೆಂಟ್ರಾನ್ ನಪುಂಸಕಲಿಂಗ. ‘ಬಂದಳು’ ಹೋಗಿ ‘ಬಂದಿತು’ ಆಯಿತು, ಅಷ್ಟೇ. ವ್ಯಾಕರಣದ ಮೇಷ್ಟ್ರು ಸಮುದ್ರಕ್ಕೂ ಇಳಿದಿದ್ದಾರೆ ನೋಡಿ.

ಪೀಟರ್ ಫೋರ್ಸ್‌ಕೋಲ್, ಲಿನ್ನೇಯಸ್‌ನ ಶಿಷ್ಯ. ಪ್ರಾಣಿಗಳ ಎರಡು ಪದದ ಹೆಸರಿನ ಲೆಕ್ಕ ಶುರುವಾಗುವುದೇ ಲಿನ್ನೇಯಸ್‌ನ 1758ರ ಪುಸ್ತಕದಿಂದ. ಶಿಷ್ಯ ಡೆನ್ಮಾರ್ಕ್ ದೊರೆಯ ಅರೇಬಿಯಾ ಯಾತ್ರೆಗೆ ಹೊರಟ. ಕೆಂಪು ಸಮುದ್ರದ ದಡದಲ್ಲಿ ಮೀನಿನ ಚರ್ಮವನ್ನು ಅರ್ಧಕ್ಕೆ ಸೀಳಿ, ಒಣಗಿಸಿ, ಎಲೆ ಅಂಟಿಸಿದ ಹಾಗೆ ಕಾಗದಕ್ಕೆ ಅಂಟಿಸಿದ. ಅರಬ್ಬರು ಹೇಳುತ್ತಿದ್ದ ಹೆಸರುಗಳನ್ನೇ ಎಷ್ಟೋ ಮೀನಿಗೆ ಇಟ್ಟ. 1763ರಲ್ಲಿ ಯೆಮೆನ್‌ನಲ್ಲಿ ಮಲೇರಿಯಾ ಬಂದು ತೀರಿಕೊಂಡ. ಆಗಿನ್ನೂ ಮೂವತ್ತರ ಆಸುಪಾಸು. ತಂಡದಲ್ಲಿ ಬದುಕಿ ಮರಳಿದವನು ಕಾರ್ಸ್ಟನ್ ನೀಬೂರ್ ಒಬ್ಬನೇ. ಗೆಳೆಯನ ಟಿಪ್ಪಣಿಗಳನ್ನು ಅವನೇ 1775ರಲ್ಲಿ ಅಚ್ಚು ಹಾಕಿಸಿದ. ಅಂದರೆ ಬ್ರಾಕೆಟ್‌ನಲ್ಲಿರುವ ಇಸವಿ, ಹೆಸರಿಟ್ಟವನು ಸತ್ತು ಹನ್ನೆರಡು ವರ್ಷದ ನಂತರದ್ದು.

ಹೆಸರಿನಲ್ಲಿ ಎಡವಟ್ಟುಗಳೂ ಆಗಿವೆ. ಅಳಿಲು ಮೀನಿನ ಮರಿ ತೆರೆದ ಸಮುದ್ರದಲ್ಲಿ ತೇಲುತ್ತಾ ಬೆಳೆಯುತ್ತದೆ. ಮುಂದಕ್ಕೆ ಚೂಪು ಮೂತಿ, ತಲೆಗೆಲ್ಲ ಮುಳ್ಳು. ಅಪ್ಪ ಅಮ್ಮನ ಹೋಲಿಕೆಯೇ ಇಲ್ಲ. ನೋಡಿದವರು ಇದು ಬೇರೆಯೇ ಮೀನು ಎಂದುಕೊಂಡು 1831ರಲ್ಲಿ ‘ರಿಂಕಿಕ್ತಿಸ್’, ಅಂದರೆ ಮೂತಿಮೀನು, ಎಂಬ ಹೊಸ ಕುಲವನ್ನೇ ಕಟ್ಟಿದರು. ಕುಲ ಉಳಿಯಲಿಲ್ಲ. ಆದರೆ ಈ ಮರಿಯ ಹಂತವನ್ನು ಮೀನು ತಜ್ಞರು ಇವತ್ತಿಗೂ ರಿಂಕಿಕ್ತಿಸ್ ಅಂತಲೇ ಕರೆಯುತ್ತಾರೆ.